ಹಿಂದಿನ ಬೆಂಚಿನ ಮರ್ಯಾದೆ

ಪೀಣ್ಯ ಕೈಗಾರಿಕಾ ಪ್ರದೇಶದ ಹತ್ತಿರ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಗಣಿತದ ಮೇಷ್ಟ್ರು. ನಮ್ಮ ಮಕ್ಕಳ ಅಮ್ಮಂದಿರಲ್ಲಿ ಹೆಚ್ಚಿನವರು ಗಾರ್ಮೆಂಟ್ಸ್‌ಗೆ ಹೋಗುವವರು. ಅಪ್ಪಂದಿರದು ಲೇತ್, ಆಟೊ, ಗಾರೆ ಕೆಲಸ.

ಮೊದಮೊದಲು ಕಿರುಪರೀಕ್ಷೆ ಮುಗಿದ ಮೇಲೆ ಅಂಕಗಳನ್ನು ತರಗತಿಯಲ್ಲೇ ಜೋರಾಗಿ ಓದುತ್ತಿದ್ದೆ. ನಾಚಿಕೆಯಾದರೂ ಓದಿಕೊಳ್ಳಲಿ ಅನ್ನೋ ಲೆಕ್ಕ. ನಾಚಿಕೆ ಎಲ್ಲಿಂದ ಬರಬೇಕು! 20ಕ್ಕೆ 2 ಅಂದರೆ ಹಿಂದಿನ ಬೆಂಚಿನಿಂದ ಶಿಳ್ಳೆ, ಅಂಕ ತಗೊಂಡವನು ಎದ್ದು ನಿಂತು ಎಲ್ಲರಿಗೂ ಕೈಮುಗಿಯುವುದು. ಒಂದು ಸಲ ಅದೇ ಬೆಂಚಿನ ಹುಡುಗನಿಗೆ 14 ಬಂತು. ‘ಭೇಷ್’ ಅಂದೆ. ಪಕ್ಕದವನು, ‘ಏನ್ ಮಗಾ, ಕುಡುಮಿ ಆಗ್ಬಿಟ್ಟೆ?’ ಅಂದ. ಮುಂದಿನ ಪರೀಕ್ಷೆಯಲ್ಲಿ ಆ ಹುಡುಗನ ಉತ್ತರಪತ್ರಿಕೆ ಅರ್ಧ ಖಾಲಿ. ಕೊನೆಯ ಪುಟದ ಮೂಲೆಯಲ್ಲಿ ಪೆನ್ಸಿಲ್‌ನಲ್ಲಿ ಮಾಡಿ ಅಳಿಸಿದ್ದ ಲೆಕ್ಕಗಳೆಲ್ಲ ಸರಿ ಇದ್ದವು. ಬಾರದೆ ಬಿಟ್ಟಿದ್ದಲ್ಲ, ಬರೆಯದೆ ಬಿಟ್ಟಿದ್ದು.

ಅಂದಿನಿಂದ ಅಂಕ ಓದುವುದನ್ನು ನಿಲ್ಲಿಸಿದೆ. ಆದರೆ ಅದರಿಂದ ಶಿಳ್ಳೆ ನಿಂತಿತೇ ಹೊರತು ಲೆಕ್ಕ ಶುರುವಾಗಲಿಲ್ಲ. ಚೆನ್ನಾಗಿ ಓದುವ ಹುಡುಗಿಯೊಬ್ಬಳ ಕೈಲಿ ಹೇಳಿಸಿ ನೋಡಿದೆ. ‘ಅವಳಿಗೆ ಬರುತ್ತೆ ಬಿಡಿ ಸರ್’ ಅಂದರು, ಅಷ್ಟೆ.

1985ರಲ್ಲಿ ಅಮೆರಿಕದ ಶಂಕ್ ಮತ್ತು ಹ್ಯಾನ್ಸನ್ ಎಂಬಿಬ್ಬರು ಕಳೆಯುವ ಲೆಕ್ಕದಲ್ಲಿ ಹಿಂದುಳಿದ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದ್ದರು. ಶಿಕ್ಷಕರು ಲೆಕ್ಕ ಮಾಡುವುದನ್ನು ನೋಡಿದ ಮಕ್ಕಳಿಗಿಂತ, ತಮ್ಮದೇ ವಯಸ್ಸಿನ ಮಗು ಅದನ್ನು ಕಲಿಯುವುದನ್ನು ನೋಡಿದವರಿಗೆ ‘ನನಗೂ ಬರುತ್ತೆ’ ಎಂಬ ಧೈರ್ಯ ಹೆಚ್ಚು ಬಂತು, ಲೆಕ್ಕವೂ ಹೆಚ್ಚು ಬಂತು. ಇದನ್ನು ಓದಿದಾಗ ನನಗೆ ಆ 14ರ ಹುಡುಗ ನೆನಪಾದ.

ಬೆಲ್ ಹೊಡೆದ ಮೇಲೆ ಒಬ್ಬನನ್ನೇ ಕರೆದು, ‘ಅಪವರ್ತನದ ಲೆಕ್ಕ ಬೋರ್ಡ್ ಮೇಲೆ ಮಾಡ್ತೀಯಾ?’ ಅಂದೆ. ತುಂಬ ಹೊತ್ತು ಚಪ್ಪಲಿ ನೋಡಿಕೊಂಡು ನಿಂತು, ‘ಮಾಡ್ತೀನಿ ಸರ್. ಆದ್ರೆ ನೀವು ಹೊಗಳ್ಬಾರ್ದು’ ಅಂದ.

ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ಯಾವ ತರಬೇತಿಯಲ್ಲೂ ಇದನ್ನು ಯಾರೂ ಹೇಳಿರಲಿಲ್ಲ.

ಗುಣಿಸಿದರೆ 6, ಕೂಡಿದರೆ −5 ಬರುವ ಎರಡು ಸಂಖ್ಯೆ ಬೇಕಿತ್ತು. ಅವನು 2, 3 ಅಂತ ಬರೆದು, ನಿಂತು, ಅಳಿಸಿ, ‘ಇಲ್ಲೇ ಕಣ್ರೋ ನಾನೂ ಬೀಳೋದು, ಎರಡಕ್ಕೂ ಮೈನಸ್ ಹಾಕ್ಬೇಕು’ ಅಂದ. ನಾನು ಕಿಟಕಿ ಕಡೆ ತಿರುಗಿ ಸುಮ್ಮನಿದ್ದೆ. ಹಿಂದಿನ ಬೆಂಚು ಮೊದಲ ಸಲ ಪುಸ್ತಕ ತೆಗೆಯಿತು. ಎಲ್ಲರೂ ಅಲ್ಲ. ಇಬ್ಬರು ಈಗಲೂ ಬೆಳಗ್ಗೆ ವಾಟರ್ ಕ್ಯಾನ್ ಹಾಕಿ ಬಂದು ತರಗತಿಯಲ್ಲಿ ತೂಕಡಿಸುತ್ತಾರೆ. ಕೈಗೆ ಕಾಸು ಸಿಗುವ ಆ ಕೆಲಸದೆದುರು ನನ್ನ ಅಪವರ್ತನ ನಿಲ್ಲುವುದಿಲ್ಲ.

ಮೊದಲೊಮ್ಮೆ ದೂರು ಹೇಳಲು ಆ ಹುಡುಗನ ತಾಯಿಯನ್ನು ಶಾಲೆಗೆ ಕರೆಸಿ, ಅವರ ಅರ್ಧ ದಿನದ ಸಂಬಳ ಕಳೆದಿದ್ದೆ. ಈ ಸಲ ರಾತ್ರಿ ಎಂಟರ ಮೇಲೆ ಫೋನ್ ಮಾಡಿದೆ.

‘ಏನ್ ಮಾಡ್ದ ಸಾರ್ ಇವ್ನು?’

‘ಏನೂ ಇಲ್ಲಮ್ಮ, ಇವತ್ತು ಕ್ಲಾಸಿಗೆಲ್ಲ ಲೆಕ್ಕ ಹೇಳ್ಕೊಟ್ಟ.’

ಸ್ವಲ್ಪ ಹೊತ್ತು ಕುಕ್ಕರ್ ಸದ್ದು ಮಾತ್ರ ಕೇಳಿಸಿತು. ಆಮೇಲೆ, ‘ಅವ್ರಪ್ಪಂಗೂ ಒಂದ್ಸಲ ಹೇಳ್ಬಿಡಿ ಸಾರ್’ ಅಂತ ಫೋನ್ ಕೊಟ್ಟರು.