ಕೊನೆಯ ಹೆಜ್ಜೆಯಿಂದ ಶುರು ಮಾಡಿದ ಮೇಲೆ ಗುಂಡಿ ಹಾಕುವುದು ಬಂತು

ಶಾಲೆಗೆ ಸೇರುವ ಮುಂಚೆ ಮಗುವಿಗೆ ಗುಂಡಿ ಹಾಕುವುದು, ಕೈ ತೊಳೆಯುವುದು, ಶೂ ಹಾಕಿಕೊಳ್ಳುವುದು, ಡಬ್ಬಿ ತೆರೆಯುವುದು ಬರಬೇಕು ಅನ್ನುವುದರಲ್ಲಿ ಯಾರಿಗೂ ತಕರಾರಿಲ್ಲ. ತಕರಾರು ಇರುವುದು ಹೇಗೆ ಕಲಿಸಬೇಕು ಅನ್ನುವುದರಲ್ಲಿ. ಕೊನೆಯ ಹೆಜ್ಜೆಯನ್ನು ಮೊದಲು ಕಲಿಸಿ ಒಂದೊಂದೇ ಹಿಂದಕ್ಕೆ ಬರೋಣ ಅಂದಾಗ ಜೊತೆಯ ಶಿಕ್ಷಕಿಯರೂ ಒಪ್ಪಲಿಲ್ಲ, ಪೋಷಕರೂ ಒಪ್ಪಲಿಲ್ಲ. "ಮುಕ್ಕಾಲು ಕೆಲಸ ನೀವೇ ಮಾಡಿಕೊಟ್ಟರೆ ಮಗು ಕಲಿಯೋದು ಯಾವಾಗ?" ಅಂದರು. ಮೂರು ತಂಡಗಳಿಗೆ ಕಲಿಸಿದ ಮೇಲೆ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ. ತಂಡಕ್ಕೆ ಸುಮಾರು 18 ಮಕ್ಕಳು, ಮೂರೂವರೆಯಿಂದ ಐದರೊಳಗಿನವರು. ಹಳೆಯ ಕ್ರಮದಲ್ಲಿ ಕಲಿಸಿದ ಮೊದಲ ತಂಡದಲ್ಲಿ ವರ್ಷದ ಕೊನೆಗೆ ಸ್ವಂತವಾಗಿ ಗುಂಡಿ ಹಾಕಿಕೊಂಡವರು ಆರೋ ಏಳೋ ಮಕ್ಕಳು. ಕ್ರಮ ಬದಲಿಸಿದ ಮೇಲಿನ ಎರಡು ತಂಡಗಳಲ್ಲಿ ಹದಿನಾಲ್ಕಕ್ಕೆ ಕಡಿಮೆ ಇಲ್ಲ.

ಮೊದಲು ದುಡ್ಡು ಹೋದ ಕಥೆ. ಮಾಂಟೆಸ್ಸರಿ ತರಗತಿಗಳಲ್ಲಿ ಇರುವಂಥ ಗುಂಡಿ, ಜಿಪ್ಪು, ಬಕಲ್ ಹಾಕಿ ಕಲಿಯುವ, ಬಟ್ಟೆ ಬಿಗಿದ ಚೌಕಟ್ಟುಗಳ ಪೂರ್ತಿ ಸೆಟ್ ತರಿಸಿದೆ. ಆ ವರ್ಷದ ಸಾಮಗ್ರಿಯ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಅದಕ್ಕೇ ಹೋಯಿತು. ಬೆರಳು ಪಳಗಲು ಚೌಕಟ್ಟು ಒಳ್ಳೆಯದೇ. ಆದರೆ ಚೌಕಟ್ಟಿನ ಮೇಲೆ ಸರಾಗವಾಗಿ ಗುಂಡಿ ಹಾಕಿದ ಮಗು ತನ್ನ ಅಂಗಿಯ ಮುಂದೆ ಕೈಕಟ್ಟಿ ನಿಂತಿತು. ಚೌಕಟ್ಟಿನ ಬಟ್ಟೆ ಬಿಗಿಯಾಗಿರುತ್ತದೆ, ಕಣ್ಣಿಗೆ ನೇರವಾಗಿ ಕಾಣುತ್ತದೆ. ಮೈಮೇಲಿನ ಅಂಗಿ ಸಡಿಲ, ಅದನ್ನು ಮೇಲಿನಿಂದ ಬಗ್ಗಿ ನೋಡಬೇಕು, ಗದ್ದ ಅಡ್ಡ ಬರುತ್ತದೆ. ಎರಡೂ ಬೇರೆ ಬೇರೆ ಕೆಲಸಗಳೇ.

ಆಮೇಲೆ ಉಪಯೋಗಕ್ಕೆ ಬಂದದ್ದು ಮನೆಗಳಿಂದ ಕೇಳಿ ತಂದ ಹಳೆಯ ಅಂಗಿಗಳು. ಮಗುವಿನ ಅಳತೆಗಿಂತ ಒಂದು ಸೈಜ್ ದೊಡ್ಡದು, ಹಾಕಿಕೊಂಡ ಬಟ್ಟೆಯ ಮೇಲೆಯೇ ತೊಡಿಸಬಹುದು. ಇದ್ದ ಗುಂಡಿ ಕಿತ್ತು 2ರಿಂದ 2.5 ಸೆಂಟಿಮೀಟರ್ ಅಗಲದ ದಪ್ಪ ಗುಂಡಿ ಹೊಲಿದೆ. ಬಟ್ಟೆಗೆ ಒತ್ತಿ ಹೊಲಿಯಬಾರದು. ಗುಂಡಿಗೂ ಬಟ್ಟೆಗೂ ನಡುವೆ ನಾಲ್ಕೈದು ಮಿಲಿಮೀಟರ್ ದಾರ ಬಿಟ್ಟು, ಆ ದಾರಕ್ಕೇ ನಾಲ್ಕು ಸುತ್ತು ಸುತ್ತಿ ಗಂಟು ಹಾಕಬೇಕು. ಆಗ ಗುಂಡಿ ಓರೆಯಾಗಿ ತಿರುಗುತ್ತದೆ, ಬೆರಳಿಗೆ ಸಿಗುತ್ತದೆ. ಕಾಜವನ್ನೂ ಗುಂಡಿಗೆ ತಕ್ಕಂತೆ ದೊಡ್ಡದು ಮಾಡಿ ಅಂಚು ಹೊಲಿಯಬೇಕು. ಗುಂಡಿಯ ಅಗಲಕ್ಕಿಂತ ಮೂರು ಮಿಲಿಮೀಟರ್ ಹೆಚ್ಚಿದ್ದರೆ ಸಾಕು. ಒಂದು ಅಂಗಿಯಲ್ಲಿ ಅತಿಯಾಗಿ ಬಿಟ್ಟಿದ್ದೆ. ಹಾಕಿದ ಗುಂಡಿ ಮಗು ಎದ್ದು ನಿಲ್ಲುವಷ್ಟರಲ್ಲಿ ಕಳಚಿಕೊಳ್ಳುತ್ತಿತ್ತು. ಎರಡು ಸಲ ಹಾಗಾದರೆ ಸಾಕು, ಮಗು ಆ ಅಂಗಿ ಮುಟ್ಟುವುದಿಲ್ಲ. ಗಂಡಸರ ಅಂಗಿಗೂ ಹೆಂಗಸರ ಅಂಗಿಗೂ ಗುಂಡಿಯ ಬದಿ ಬೇರೆ ಅನ್ನುವುದನ್ನೂ ಮರೆಯಬೇಡಿ. ಎರಡನ್ನೂ ಬೆರೆಸಿಟ್ಟು ಒಂದು ತಿಂಗಳು ಹಾಳಾಯಿತು. ಈಗ ಮಗು ದಿನವೂ ತೊಡುವ ಬದಿಯದನ್ನು ಮಾತ್ರ ಕೊಡುತ್ತೇನೆ.

ಗುಂಡಿ ಬಿಚ್ಚುವುದು ಮೊದಲು, ಹಾಕುವುದು ಆಮೇಲೆ. ಹಾಕುವುದರಲ್ಲಿ ನಾಲ್ಕು ಹೆಜ್ಜೆ: ಕಾಜದ ಅಂಚು ಹಿಡಿಯುವುದು, ಗುಂಡಿಯ ಅಂಚನ್ನು ಒಳಗೆ ತೂರಿಸುವುದು, ಆ ಕಡೆಯಿಂದ ಹೆಬ್ಬೆರಳು ತೋರುಬೆರಳಲ್ಲಿ ಹಿಡಿಯುವುದು, ಬಟ್ಟೆಯನ್ನು ಅದರ ಮೇಲೆ ಎಳೆಯುವುದು. ಮೊದಲ ನಾಲ್ಕೈದು ದಿನ ಗುಂಡಿಯನ್ನು ಅರ್ಧ ತೂರಿಸಿ ನಾನೇ ಕೊಡುತ್ತೇನೆ, ಮಗು ಎಳೆಯುತ್ತದೆ, ಅಷ್ಟೇ. ಅದು ತಪ್ಪದೆ ಆಗತೊಡಗಿದ ಮೇಲೆ ಹಿಡಿದು ಎಳೆಯುವುದು. ಆಮೇಲೆ ತೂರಿಸುವುದು. ಹೀಗೆ ಮಾಡಿದಾಗ ಪ್ರತಿ ಸಲವೂ ಕೆಲಸ ಮುಗಿಯುವುದು ಮಗುವಿನ ಕೈಯಲ್ಲಿ. ಮೊದಲ ಹೆಜ್ಜೆಯಿಂದ ಕಲಿಸಿದರೆ ಅತಿ ಕಷ್ಟದ ತೂರಿಸುವುದು ಆರಂಭದಲ್ಲೇ ಎದುರಾಗುತ್ತದೆ. ಮಗು ಅಲ್ಲಿ ಸಿಕ್ಕಿಬೀಳುತ್ತದೆ, ದೊಡ್ಡವರು ಮುಗಿಸಿಕೊಡುತ್ತಾರೆ, ಮುಗಿಸುವುದು ದೊಡ್ಡವರ ಕೆಲಸ ಎಂದು ಮಗು ಕಲಿಯುತ್ತದೆ. ಹೊಟ್ಟೆಯ ಹತ್ತಿರದ ಗುಂಡಿಯಿಂದ ಶುರು ಮಾಡಿ. ಕತ್ತಿನ ಗುಂಡಿ ಕಣ್ಣಿಗೆ ಕಾಣದ್ದು, ಅದು ಎಲ್ಲಕ್ಕಿಂತ ಕೊನೆಗೆ.

ಎದುರು ಕುಳಿತು ತೋರಿಸಬೇಡಿ, ಎಡಬಲ ತಿರುಗುಮುರುಗಾಗುತ್ತದೆ. ಮಗುವಿನ ಬೆನ್ನ ಹಿಂದೆ ಕುಳಿತು ಎರಡೂ ಕೈ ಮುಂದೆ ಚಾಚಿ ತೋರಿಸಿ. ಮಗು ತಡವರಿಸಿದಾಗ ಬಾಯಿ ಮುಚ್ಚಿ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಅನುಭವಿಗಳೂ ಸೋಲುವುದು ಇಲ್ಲೇ, ಮೂರು ಎಣಿಸುವಷ್ಟರಲ್ಲಿ ಕೈ ಹೋಗಿಬಿಡುತ್ತದೆ.

ಚಡ್ಡಿ ಮೇಲೆಳೆಯುವಾಗ ಹಿಂದುಗಡೆ ಸಿಕ್ಕಿಕೊಳ್ಳುವುದು ಎಲ್ಲರಿಗೂ ಗೊತ್ತು. ಮಕ್ಕಳು ಎರಡೂ ಕೈಯನ್ನು ಮುಂದೆಯೇ ಇಟ್ಟು ಎಳೆಯುವುದು ಅದಕ್ಕೆ ಕಾರಣ. ಒಂದು ಕೈ ಮುಂದೆ, ಒಂದು ಕೈ ಬೆನ್ನ ಹಿಂದೆ, ಹೆಬ್ಬೆರಳು ಇಲಾಸ್ಟಿಕ್ ಒಳಗೆ. ಇಷ್ಟೇ ಬದಲಾವಣೆಗೆ ಒಂದು ವಾರ ಸಾಕಾಯಿತು. ಬೆಲ್ಟು, ಬಿಗಿ ಜೀನ್ಸ್ ಬೇಡವೆಂದು ಪೋಷಕರಿಗೆ ಖಡಾಖಂಡಿತವಾಗಿ ಹೇಳಿ. ತಡೆಯಲಾಗದೆ ಓಡಿ ಬಂದ ಮಗುವಿಗೆ ಬಕಲ್ ಬಿಚ್ಚುವಷ್ಟು ಸಮಯ ಇರುವುದಿಲ್ಲ.

ಕಮೋಡಿನ ಮುಂದೆ ಕಾಲುಮಣೆ ಇಡಲೇಬೇಕು. ಕಾಲು ನೇತಾಡುತ್ತಿದ್ದರೆ ಮಗು ಬೀಳುವ ಹೆದರಿಕೆಯಲ್ಲಿ ಮೈ ಬಿಗಿ ಹಿಡಿಯುತ್ತದೆ, ಮಲ ಸರಿಯಾಗಿ ಆಗುವುದಿಲ್ಲ. ಒರೆಸಲಿ, ತೊಳೆಯಲಿ, ಕೈ ಮುಂದಿನಿಂದ ಹಿಂದಕ್ಕೆ ಹೋಗಬೇಕು. ಹೆಣ್ಣುಮಕ್ಕಳಿಗೆ ಇದರಲ್ಲಿ ರಿಯಾಯಿತಿ ಇಲ್ಲ, ಉಲ್ಟಾ ಎಳೆದರೆ ಮಲದ ರೋಗಾಣು ಮೂತ್ರದ್ವಾರಕ್ಕೆ ಬರುತ್ತದೆ. ಅಭ್ಯಾಸಕ್ಕೆಂದು ಕುರ್ಚಿಗೆ ಎರಡು ಬಲೂನು ಕಟ್ಟಿ ಒರೆಸಲು ಹೇಳಿದ್ದೆ, ಅದು ಆಟವಾಗಿಬಿಟ್ಟಿತು. ಬಟ್ಟೆ ತೊಟ್ಟಂತೆಯೇ ನಿಂತು, ಬೆನ್ನ ಹಿಂದೆ ಸೊಂಟಪಟ್ಟಿಗೆ ಸಿಕ್ಕಿಸಿದ ಕರವಸ್ತ್ರವನ್ನು ತಡಕಿ ತೆಗೆಯುವ ಅಭ್ಯಾಸವೇ ಮೇಲು, ಕೈ ಹಿಂದಕ್ಕೆ ಎಟುಕುವುದು ಅದರಿಂದ ಬರುತ್ತದೆ.

ಕೈ ತೊಳೆಯುವಾಗ ಮಕ್ಕಳು ಉಜ್ಜುವುದು ಅಂಗೈ ಮಾತ್ರ. ಅಂಗೈಯ ಹಿಂಬದಿಯಲ್ಲಿ, ಹೆಬ್ಬೆರಳ ಬುಡದಲ್ಲಿ ನೀರಿಗೆ ಹೋಗುವ ಬಣ್ಣದ ಒಂದೊಂದು ಚುಕ್ಕೆ ಇಟ್ಟು, ಅದು ಹೋಗುವವರೆಗೆ ಉಜ್ಜಲು ಬಿಟ್ಟೆ. 20 ಸೆಕೆಂಡ್ ಎಂದು ಬಾಯಲ್ಲಿ ಹೇಳುವುದಕ್ಕಿಂತ ಇದು ಚೆನ್ನಾಗಿ ನಾಟಿತು. ಪಂಪಿನ ಸೋಪು ವಾರಕ್ಕೆ ಒಂದು ಬಾಟಲಿ ಖಾಲಿಯಾಗುತ್ತಿತ್ತು. ಪಂಪಿನ ಕತ್ತಿಗೆ ರಬ್ಬರ್ ಬ್ಯಾಂಡ್ ದಪ್ಪವಾಗಿ ಸುತ್ತಿದ ಮೇಲೆ ಅದು ಅರ್ಧವಷ್ಟೇ ಇಳಿಯುತ್ತದೆ, ಬಾಟಲಿ ಮೂರು ವಾರ ಬರುತ್ತಿದೆ. ನಲ್ಲಿ ಬಿಡುವ ಮುಂಚೆ ತೋಳು ಮಡಚುವುದನ್ನು ಬೇರೆಯೇ ಹೆಜ್ಜೆಯಾಗಿ ಕಲಿಸಿ, ಇಲ್ಲದಿದ್ದರೆ ದಿನಕ್ಕೆ ನಾಲ್ಕು ಒದ್ದೆ ಅಂಗಿ ಗ್ಯಾರಂಟಿ.

ಶೂಗೆ ಒಂದು ಸ್ಟಿಕ್ಕರನ್ನು ನಡುವೆ ಕತ್ತರಿಸಿ ಎರಡರೊಳಗೂ ಅರ್ಧರ್ಧ ಅಂಟಿಸುವ ಉಪಾಯ ನಿಮಗೂ ಗೊತ್ತಿರುತ್ತದೆ. ಎರಡು ವಾರದಲ್ಲಿ ಬೆವರಿಗೆ ಕಿತ್ತು ಬರುತ್ತದೆ. ಅಳಿಸದ ಮಾರ್ಕರಿನಲ್ಲಿ ಒಳಅಂಚಿಗೆ ಅರ್ಧರ್ಧ ಚಂದ್ರ ಬರೆಯಿರಿ, ಶೂಗಳನ್ನು ಜೋಡಿಸಿಟ್ಟರೆ ಪೂರ್ಣಚಂದ್ರ ಆಗಬೇಕು. ವೆಲ್ಕ್ರೋ ಪಟ್ಟಿ ಶೂವಿನ ಬಳೆಯಂಥ ಕೊಂಡಿಯಿಂದ ಪೂರ್ತಿ ಹೊರಬಂದರೆ ಮಗುವಿಗೆ ಮತ್ತೆ ತೂರಿಸಲು ಬರುವುದಿಲ್ಲ. ತುದಿಯನ್ನು ಮಡಚಿ ದಪ್ಪ ಹೊಲಿಗೆ ಹಾಕಿದರೆ ಅಲ್ಲೇ ನಿಲ್ಲುತ್ತದೆ. ಲೇಸಿನ ಹಿಂದೆ ಒಂದೂವರೆ ತಿಂಗಳು ಬಿದ್ದು ಕೈಬಿಟ್ಟೆ. ಬಹುಪಾಲು ಮಕ್ಕಳಿಗೆ ಅದು ಐದು, ಆರು ದಾಟಿದ ಮೇಲಿನ ಮಾತು. ಆ ಹೊತ್ತನ್ನು ಡಬ್ಬಿಯ ಕ್ಲಿಪ್ ತೆರೆಯುವುದಕ್ಕೆ ಕೊಟ್ಟಿದ್ದರೆ ಚೆನ್ನಾಗಿತ್ತು. ಡಬ್ಬಿ ಕೊಳ್ಳುವ ಮುಂಚೆ ಮಗುವಿನ ಕೈಯಲ್ಲೇ ಮೂರು ಸಲ ತೆರೆಸಿ, ಮುಚ್ಚಿಸಿ ನೋಡಿ ಎಂದು ಈಗ ಪ್ರತಿ ಮನೆಗೂ ಹೇಳುತ್ತೇನೆ.

ಇವೆಲ್ಲವನ್ನೂ ಪಾಠದ ಅವಧಿಯಲ್ಲಿ ಕಲಿಸುವುದಿಲ್ಲ. ಮನೆಗೆ ಹೋಗುವ ತಯಾರಿಯನ್ನು 15 ನಿಮಿಷ ಮುಂಚೆ ಶುರು ಮಾಡಿದೆ, ಶೂ, ಚೀಲ, ಬಾಟಲಿ ಎಲ್ಲ ಆಗಲೇ. ಮನೆಯಲ್ಲಾದರೆ ಬೆಳಗಿನ ಗಡಿಬಿಡಿ ಬೇಡ, ರಾತ್ರಿ ಬಟ್ಟೆ ಬದಲಿಸುವ ಹೊತ್ತು ಸರಿ. ಒಂದು ಸಲಕ್ಕೆ ಒಂದೇ ಕೆಲಸ, ಎರಡು ಮೂರು ವಾರ. ಶೂ ಹಾಕುವ ಬೆಂಚಿನ ಮೇಲೆ ಯಾರ ಪಕ್ಕ ಯಾರನ್ನು ಕೂರಿಸುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. ಈ ಫಲಿತಾಂಶದ ದೊಡ್ಡ ಪಾಲು ಅದರಲ್ಲಿದೆ.

ದೊಡ್ಡ ರಜೆ ಮುಗಿಸಿ ಬಂದಾಗ ಮೂರನೇ ಒಂದು ಭಾಗ ಮಕ್ಕಳು ಕಲಿತದ್ದನ್ನು ಬಿಟ್ಟಿರುತ್ತಾರೆ. ಆಗಲೂ ಮೊದಲ ಹೆಜ್ಜೆಯಿಂದ ಶುರು ಮಾಡುವುದಿಲ್ಲ. ಮತ್ತೆ ಅರ್ಧ ತೂರಿಸಿದ ಗುಂಡಿಯನ್ನೇ ಕೈಗೆ ಕೊಡುತ್ತೇನೆ. ನಾಲ್ಕೈದು ದಿನದಲ್ಲಿ ಉಳಿದ ಮೂರು ಹೆಜ್ಜೆಗಳನ್ನು ಮಕ್ಕಳೇ ಕೇಳಿ ವಾಪಸ್ ತೆಗೆದುಕೊಳ್ಳುತ್ತಾರೆ.