ಏರು ಹತ್ತಿಸಿ ನೋಡಬೇಕು

ಕೋವಿಡ್ ಬಂದು ಹೋದ ಮೇಲೆ ಸ್ಕ್ಯಾನ್ ರಿಪೋರ್ಟ್ ಹಿಡಿದು ಬಂದವರೆಲ್ಲ ಕೇಳುತ್ತಿದ್ದುದು ಒಂದೇ: 'ಡಾಕ್ಟ್ರೇ, ಫೈಬ್ರೋಸಿಸ್ ಅಂತೆ. ಹೋಗುತ್ತಾ?' ಫೈಬ್ರೋಸಿಸ್ ಅಂದರೆ ಶ್ವಾಸಕೋಶದಲ್ಲಿ ಉಳಿಯುವ ಗಾಯದ ಕಲೆ. ಕಾಯಿಲೆಯಾದ ಕೆಲವೇ ವಾರಕ್ಕೆ ತೆಗೆಸಿದ ಸ್ಕ್ಯಾನ್ ಆದರೆ ನಾನು ಗಾಬರಿ ಬೀಳುತ್ತಿರಲಿಲ್ಲ. ಆಗ ಕಾಣುವ ಮಸುಕಿನಲ್ಲಿ ಜಾಸ್ತಿ ಪಾಲು ಇನ್ನೂ ಆರದ ಉರಿಯೂತ. ಎಷ್ಟೋ ಜನರಿಗೆ ತಿಂಗಳು ಕಳೆದಂತೆ ತಾನಾಗಿಯೇ ತಿಳಿಯಾಗುತ್ತದೆ. ಮೂರು ತಿಂಗಳ ನಂತರ ಇನ್ನೊಂದು ಎಚ್‌ಆರ್‌ಸಿಟಿ, ಅಂದರೆ ಶ್ವಾಸಕೋಶವನ್ನು ಸೂಕ್ಷ್ಮವಾಗಿ ತೋರಿಸುವ ಸಿಟಿ ಸ್ಕ್ಯಾನ್, ಮಾಡಿಸಿ, ಹಳೆಯದರ ಪಕ್ಕ ಇಟ್ಟು ನೋಡುತ್ತಿದ್ದೆ. ಆಗಲೂ ಶ್ವಾಸನಾಳಗಳು ಎಳೆದು ಹಿಗ್ಗಿದ್ದರೆ, ಶ್ವಾಸಕೋಶ ಜೇನುಗೂಡಿನ ಹಾಗೆ ಕಂಡರೆ, ಅದು ನಿಜವಾದ ಕಲೆ. ಅದನ್ನು ಅಳಿಸುವ ಔಷಧಿ ಇಲ್ಲ.

ಸ್ಕ್ಯಾನ್‌ಗಿಂತ ನನಗೆ ಜಾಸ್ತಿ ಹೇಳಿದ್ದು ನಮ್ಮ ಕೊಡಗಿನ ಏರುದಾರಿ. ಒಂದು ಕಾಫಿ ತೋಟದ ಲೆಕ್ಕ ಬರೆಯುವ ರೈಟರ್ ಕುರ್ಚಿಯಲ್ಲಿ ಕೂತಾಗ, ರಕ್ತದ ಆಕ್ಸಿಜನ್ ಅಳೆಯುವ ಆಕ್ಸಿಮೀಟರ್ 96 ತೋರಿಸಿತು. 'ನಾನು ಸರಿಯಿದ್ದೇನಲ್ವಾ?' ಅಂದರು. ಕಾಫಿ ಕಣದಿಂದ ಕೂಲಿಯವರ ಲೈನ್‌ಮನೆಯವರೆಗೆ ಏರು ಹತ್ತಿಸಿದೆ. ಮೇಲೆ ಬರುವಷ್ಟರಲ್ಲಿ 87. ಅವರಿಗೆ ಮಾತೇ ಬರುತ್ತಿರಲಿಲ್ಲ. ನಡೆದಾಗ ನಾಲ್ಕು ಅಂಕ ಇಳಿದರೂ ನಾನು ಬಿಡುವುದಿಲ್ಲ, ಕಾರಣ ಹುಡುಕುತ್ತೇನೆ. ಆದರೆ ಮಳೆಗಾಲದಲ್ಲಿ ಬೆರಳು ಕೊರೆಯುತ್ತಿದ್ದರೆ ಮೆಷಿನ್ ಸುಳ್ಳು ಹೇಳುತ್ತದೆ. ಕೈ ಉಜ್ಜಿ ಬಿಸಿ ಮಾಡಿಸಿಯೇ ಕ್ಲಿಪ್ ಹಾಕಬೇಕು. ಉಗುರಿಗೆ ಬಣ್ಣ ಇದ್ದರೆ ಮೊದಲು ಒರೆಸಬೇಕು.

ಚಿಕಿತ್ಸೆಯ ದೊಡ್ಡ ಭಾಗವೂ ನಡಿಗೆಯೇ. 'ರೈಟರೇ, ಮಾತಾಡ್ಬೇಡಿ, ಸುಮ್ನೆ ನಡೀರಿ' ಅನ್ನುತ್ತಿದ್ದೆ. ಎರಡು ಹೆಜ್ಜೆಗೆ ಮೂಗಿನಿಂದ ಉಸಿರು ಒಳಗೆ, ನಾಲ್ಕು ಹೆಜ್ಜೆಗೆ ತುಟಿ ಕಿರಿದು ಮಾಡಿ ಹೊರಗೆ. ಅಂಕ 88ಕ್ಕೆ ಇಳಿದರೆ ನಿಲ್ಲಬೇಕು, ಅಂಕ ಏರಿದ ಮೇಲೆ ಮತ್ತೆ ಹೆಜ್ಜೆ. ಮೊದಲು ಸಮತಟ್ಟು ಅಂಗಳ, ಆಮೇಲೆ ಏರು. ತೊಡೆಗೆ ಬಲ ಬಂದಷ್ಟೂ ಏದುಸಿರು ಕಡಿಮೆ.

ಮಸುಕು ಉಳಿದು, ಉಸಿರೂ ಕಟ್ಟುತ್ತಿದ್ದವರಿಗೆ ಮಾತ್ರ ಉರಿಯೂತ ಇಳಿಸುವ ಸ್ಟೀರಾಯ್ಡ್ ಪ್ರೆಡ್ನಿಸೊಲೋನ್ ಕೊಟ್ಟೆ. ಅದಕ್ಕೂ ಮೊದಲು ಕಫ ಪರೀಕ್ಷೆ ಮಾಡಿಸಿ ಟಿಬಿ ಇದೆಯಾ ನೋಡಿದೆ, ಶುಗರ್ ನೋಡಿದೆ. ವಾರಗಳಲ್ಲಿ ಮೆಲ್ಲಗೆ ಇಳಿಸುತ್ತಾ ಬಂದು ನಿಲ್ಲಿಸಿದೆ. ಪಿರ್ಫೆನಿಡೋನ್ ಬೇಕೆಂದು ಕೇಳುವವರು ಬಹಳ. ಅದು ಕಾರಣ ತಿಳಿಯದೆ ಬಂದು ಬೆಳೆಯುತ್ತಾ ಹೋಗುವ ಶ್ವಾಸಕೋಶದ ಕಲೆ ರೋಗ ಐಪಿಎಫ್‌ಗೆ ಸಾಬೀತಾದ ಔಷಧಿ. ಕಲೆಯನ್ನು ಅಳಿಸುವುದಿಲ್ಲ, ಬೆಳೆಯುವುದನ್ನು ನಿಧಾನ ಮಾಡುತ್ತದೆ ಅಷ್ಟೇ. ವೈರಸ್ ಬಿಟ್ಟ ಕಲೆ ಸಾಮಾನ್ಯವಾಗಿ ಬೆಳೆಯುತ್ತಾ ಹೋಗುವುದಿಲ್ಲ, ಹಾಗಿರುವಾಗ ಯಾಕೆ? ಮೇಲಿಂದ ವಾಕರಿಕೆ, ಬಿಸಿಲಿಗೆ ಹೋದರೆ ಚರ್ಮ ಕೆಂಪಾಗಿ ಉರಿ. ಕಣದಲ್ಲಿ ಕಾಫಿ ಒಣಗಿಸುವವರ ಪಾಡು ಏನಾಗಬೇಕು? ಎರಡು ಸ್ಕ್ಯಾನ್ ನಡುವೆ ಕಲೆ ಹರಡಿದ್ದು ಕಂಡರೆ ಮಾತ್ರ ಎದೆರೋಗ ತಜ್ಞರ ಹತ್ತಿರ ಕಳಿಸಿದೆ.

ಬಚ್ಚಲ ಒಲೆಯ ಹೊಗೆಯಿಂದ ದೂರ ಇರಿ ಎಂದರೆ ಮನೆಯವರು ನಗುತ್ತಾರೆ. ಆದರೂ ಹೇಳುತ್ತೇನೆ. ಕಾಫಿ ಹೊಟ್ಟಿನ ಧೂಳು, ಮಳೆಗಾಲದ ಬೂಷ್ಟು ಕೂಡ ಬೇಡ. ಬೀಡಿ ಅಂತೂ ಬೇಡವೇ ಬೇಡ. ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಕಿಸಬೇಕು.

ಕೂತಿದ್ದಾಗಲೇ 88 ದಾಟದ ಕೆಲವರಿಗೆ ಮನೆಯಲ್ಲೇ ಆಕ್ಸಿಜನ್ ಬೇಕಾಯಿತು. ಗಾಳಿಯಿಂದಲೇ ಆಕ್ಸಿಜನ್ ತೆಗೆದು ಕೊಡುವ ಕಾನ್ಸೆಂಟ್ರೇಟರ್ ಮೆಷಿನ್‌ಗೆ ಕರೆಂಟ್ ಬೇಕು, ಜುಲೈ ಗಾಳಿಗೆ ಮರ ಬಿದ್ದರೆ ನಮ್ಮಲ್ಲಿ ಕರೆಂಟ್ ದಿನಗಟ್ಟಲೆ ಬರುವುದಿಲ್ಲ. ಅದಕ್ಕೇ ಅಂಥವರ ಮನೆಯಲ್ಲಿ ಮಳೆ ಶುರುವಾಗುವ ಮೊದಲೇ ತುಂಬಿದ ಆಕ್ಸಿಜನ್ ಸಿಲಿಂಡರ್ ಒಂದನ್ನು ಇಡಿಸುತ್ತೇನೆ, ಒಲೆಯಿಂದ ದೂರ.