ಕೇಪಿನ ಕೋವಿಗೆ ಮೊದಲು ನೀರು, ಆಮೇಲೆ ಎಣ್ಣೆ

ನಮ್ಮದು ಮಳವಳ್ಳಿ ಕಡೆ. ಅಪ್ಪನ ಕಾಲದ ಒಂಟಿ ನಳಿಗೆಯ ಕೇಪಿನ ಕೋವಿ ಇದೆ, ಬೆಳೆ ರಕ್ಷಣೆಯ ಲೈಸೆನ್ಸ್ ಮೇಲೆ. ಬಾಯಿಂದ ಕರಿಮದ್ದು ತುಂಬಿ, ಹಿಂದೆ ಕಿಡಿ ಹೊತ್ತಿಸುವ ಪುಟ್ಟ ಕೇಪು ಇಟ್ಟು ಹೊಡೆಯುವಂಥದ್ದು. ಶಿಕಾರಿಯ ಮಾತು ವನ್ಯಜೀವಿ ರಕ್ಷಣೆಯ ಕಾಯ್ದೆ ಬಂದ ಮೇಲೆ ಮುಗಿಯಿತು. ಈಗ ಕಬ್ಬಿಗೆ ಹಂದಿ ನುಗ್ಗಿದರೆ ಗುಂಡು ಹಾಕದೆ ಒಂದು ಬರೀ ಈಡು, ಅಷ್ಟೆ.

2024ರ ಲೋಕಸಭಾ ಚುನಾವಣೆಗೆ ಕೋವಿಯನ್ನು ಠಾಣೆಗೆ ಒಪ್ಪಿಸಬೇಕಾಯಿತು. ಹಿಂದಿನ ವಾರವಷ್ಟೇ ಈಡು ಹೊಡೆದಿದ್ದೆ. ನಳಿಗೆಯಲ್ಲಿ ಎಣ್ಣೆ ಬಟ್ಟೆ ಎರಡು ಸಲ ಆಡಿಸಿ ಕೊಟ್ಟುಬಂದೆ. ಜೂನ್‌ನಲ್ಲಿ ವಾಪಸ್ ತಂದು, ಬಟ್ಟೆ ಸುತ್ತಿದ ಗಜ, ಅಂದರೆ ನಳಿಗೆಯೊಳಗೆ ಆಡಿಸುವ ಉದ್ದ ಕೋಲು, ಇಳಿಸಿದರೆ ಗರಗರ ಸದ್ದು. ಹೊರಗೆ ಬಂದ ಬಟ್ಟೆಗೆ ಇಟ್ಟಿಗೆ ಪುಡಿ ಮೆತ್ತಿದ ಹಾಗಿತ್ತು.

ದೊಡ್ಡಪ್ಪ ನೋಡಿ ನಕ್ಕರು. "ಮಸಿ ಮೇಲೆ ಎಣ್ಣೆ ಬಳಿದ್ರೆ ಏನ್ ಬಂತ್ಲಾ? ನೀರ್ ಕಾಯ್ಸೋಗು."

ಕಬ್ಬಿಣಕ್ಕೆ ನೀರಾ ಅನ್ನಿಸಿತು. ಆದರೆ ಕರಿಮದ್ದಿನಲ್ಲಿ ಮುಕ್ಕಾಲು ಪಾಲು ಪೆಟ್ಲುಪ್ಪೇ ಅಲ್ವಾ? ಸುಟ್ಟ ಮೇಲೆ ಉಳಿಯುವ ಮಸಿಯಲ್ಲೂ ಉಪ್ಪಿನಂಶ ಇರುತ್ತದೆ, ಗಾಳಿಯ ತೇವ ಎಳೆದುಕೊಳ್ಳುತ್ತದೆ. ಅದು ನೀರಿಗೆ ಕರಗುತ್ತದೆ, ಎಣ್ಣೆಗೆ ಜಗ್ಗುವುದಿಲ್ಲ.

ಈಗ ಮೊದಲು ಮದ್ದು ತುಂಬಿಲ್ಲ ಅಂತ ಖಾತ್ರಿ ಮಾಡಿಕೊಳ್ಳುತ್ತೇನೆ. ಬಾಯಿಯ ಮುಂದೆ ತಲೆ ಒಡ್ಡದೆ ಗಜವನ್ನು ತಳದವರೆಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಬೆರಳು ಹಿಡಿದು, ತೆಗೆದು ನಳಿಗೆಯ ಹೊರಮೈಗೆ ಒರಗಿಸಿ ಅಳೆಯುವುದು. ಗಜದ ತುದಿ ನಿಪ್ಪಲ್, ಅಂದರೆ ಕೇಪು ಕೂರಿಸುವ ತೂತಿನ ಮೊಳೆ, ಅದರ ಹತ್ತಿರ ಮುಟ್ಟಬೇಕು. ನಾಲ್ಕು ಬೆರಳು ಕಡಿಮೆ ಬಂದರೆ ಒಳಗೆ ಈಡು ಇದೆ ಅಂತ ಅರ್ಥ, ನೀರು ಬೆಂಕಿ ಎಲ್ಲ ಆಮೇಲೆ.

ನಮ್ಮದರ ನಳಿಗೆ ಎರಡು ಪಿನ್ ತೆಗೆದರೆ ಮರದಿಂದ ಬಿಡುತ್ತದೆ. ನಿಪ್ಪಲ್ ಬಿಚ್ಚಿ, ನಳಿಗೆಯನ್ನು ಗೋಣಿಚೀಲದಲ್ಲಿ ಹಿಡಿದು, ಬಾಯಿಂದ ಕುದಿನೀರು ಹುಯ್ಯುತ್ತೇನೆ. ಕೆಳಗಿನ ತೂತಿನಿಂದ ಕಪ್ಪುನೀರು ಚಿಮ್ಮುತ್ತದೆ, ಕೊಳೆತ ಮೊಟ್ಟೆ ವಾಸನೆ. ತಿಳಿಯಾಗುವವರೆಗೆ ಹುಯ್ದು, ಹಳೇ ಪಂಚೆ ತುಂಡು ಗಜಕ್ಕೆ ಸುತ್ತಿ ಉಜ್ಜುವುದು. ಉಗುರುಬೆಚ್ಚಗಿನ ನೀರು ಸಾಲದು. ಕುದಿನೀರಿಗೆ ಕಬ್ಬಿಣ ಕಾದು ಒಳಗಿನ ತೇವ ತಾನೇ ಆರುತ್ತದೆ.

ಆಮೇಲೆ ಎಣ್ಣೆ. ಅಪ್ಪ ಕೊಬ್ಬರಿ ಎಣ್ಣೆ ಹಾಕುತ್ತಿದ್ದರು, ಚಳಿಗಾಲದಲ್ಲಿ ಗಟ್ಟಿಯಾಗಿ ಕೇಪಿಗೆ ಬಡಿಯುವ ಕುದುರೆಯೇ ಬಿಗಿಯುತ್ತಿತ್ತು. ನಾನು ಹೊಲಿಗೆ ಯಂತ್ರದ ಎಣ್ಣೆ ಬಳಸುತ್ತೇನೆ, ನಾಲ್ಕೇ ಹನಿ. ಕೋವಿಯನ್ನು ಬಾಯಿ ಕೆಳಗಾಗಿ ಇಡುವುದು, ಇಲ್ಲದಿದ್ದರೆ ಎಣ್ಣೆ ಇಳಿದು ನಿಪ್ಪಲ್ ಕಟ್ಟಿಕೊಳ್ಳುತ್ತದೆ.

ಆ ತುಕ್ಕು ಕೊರೆದ ಗುಳಿಗಳು ಮಾತ್ರ ಹೋಗಲಿಲ್ಲ. ಅಲ್ಲಿ ಮಸಿ ಜಾಸ್ತಿ ಕೂರುತ್ತದೆ. ಅದಕ್ಕೇ ಮದ್ದು ಹಾಕುವ ಮುಂಚೆ ಒಣಬಟ್ಟೆ ಆಡಿಸಿ, ಬಾಯಿಯನ್ನು ಹುಲ್ಲಿನ ಹತ್ತಿರ ಹಿಡಿದು ಒಂದು ಬರೀ ಕೇಪು ಹೊಡೆಯುತ್ತೇನೆ. ಎಸಳು ಅಲ್ಲಾಡದಿದ್ದರೆ ಒಳಗೆ ದಾರಿ ಕಟ್ಟಿದೆ ಅಂತ ಅರ್ಥ, ಮತ್ತೆ ನೀರು ಕಾಯಿಸಲು ಇಡುತ್ತೇನೆ.